ಒಂದನ್ನು ಮಾತ್ರ ಆರಿಸಿ

ಮಂಗಳೂರು ಬಂದರಿನ ಹಳೇ ಮೆಣಸಿನ ಗೋದಾಮು, ಅದರ ಮಾಳಿಗೆ.
ಸ್ಕ್ಯಾನರ್ ಬಂದು ಎರಡು ವರ್ಷವಾಯಿತು,
ಗೋಡೆ ಇನ್ನೂ ಸೀನಿಸುತ್ತದೆ.

ಇವತ್ತು ಸಭೆ. ವಿಷಯ: ವಿಸ್ತರಣೆ.
ಮೂರು ಮನೆಯ ಕಾಗದ ಹನ್ನೊಂದು ಮನೆಯದಾಗಬೇಕು,
ಮೂಲ್ಕಿ, ಕಾರ್ಕಳ, ಬಾರ್ಕೂರು, ಆಚೆ ಮಂಜೇಶ್ವರ.
ಗಡಿ ದಾಟಿದ ಕಡತಕ್ಕೆ ಯಾರ ಅನುದಾನ
ಎಂಬಲ್ಲಿ ಮಾತು ಸಿಕ್ಕಿಕೊಂಡಾಗ
ಚಾ ಬಂತು, ಗೋಳಿಬಜೆ ಬಂತು.
'ಎಣ್ಣೆ ಕೈಯಲ್ಲಿ ಎಂತದ್ದೂ ಮುಟ್ಟಬೇಡಿ ಮಾರಾಯ್ರೆ!'
ಎವ್ಲಾಲಿಯಾ ಬಾಯಿಯ ಕೂಗಿಗೆ
ಕಿಟಕಿಯ ಕಾಗೆಯೂ ಒಂದು ಹೆಜ್ಜೆ ಹಿಂದೆ ಸರಿಯಿತು.

ಅವರು ತಂದದ್ದು ಹೆಂಚಿನ ಕಾರ್ಖಾನೆಯ ಕೂಲಿ ಪುಸ್ತಕ,
ಬಿಡಿಸಿದರೆ ಮೇಜಿನ ಮೇಲೆ ಕೆಂಪು ಧೂಳು.
ಪದ್ಮರಾಜ ಬಲ್ಲಾಳರದ್ದು ತಾಳೆಗರಿ ಒಂದು ಕಟ್ಟು:
ಲಿಪಿ ತುಳು, ಶ್ಲೋಕ ಸಂಸ್ಕೃತ,
ಕೊನೆಯ ಖಾಲಿ ಗರಿಯಲ್ಲಿ ಯಾರೋ ಕನ್ನಡದಲ್ಲಿ
ಮಿಡಿಮಾವು ಉಪ್ಪಿಗೆ ಹಾಕಿದ ದಿನ ಗೀರಿಟ್ಟಿದ್ದಾರೆ.
ಹಮ್ಮಬ್ಬ ಮಾಸ್ಟ್ರು ಎದೆಗೆ ಅವುಚಿ ತಂದದ್ದು
ಅಜ್ಜನ ಒಣಮೀನಿನ ಲೆಕ್ಕ:
ಅಕ್ಷರ ಅರಬಿ, ಓದಿದರೆ ಬ್ಯಾರಿ,
ಸಾಲಗಾರರ ಹೆಸರೆಲ್ಲ ತುಳು, ಅಂಕೆ ಮಾತ್ರ ಕನ್ನಡ.
'ಕೊಡದವರಿಗೆ ಬೈದದ್ದು ಯಾವುದರಲ್ಲಿ?' ಕೇಳಿದೆ.
'ಅದು ಕೊಂಕಣಿ. ನೆರೆಮನೆಯಿಂದ ಕಲಿತದ್ದು' ಎಂದು
ಎವ್ಲಾಲಿಯಾ ಬಾಯಿಯ ಕಡೆ ನೋಡದೆ ನಕ್ಕರು.

ನನ್ನ ಪರದೆಯಲ್ಲೊಂದು ಪಟ್ಟಿ ಜಾರಿ ಇಳಿಯುತ್ತದೆ.
ಭಾಷೆ: ಒಂದನ್ನು ಮಾತ್ರ ಆರಿಸಿ.
ಬಿಟ್ಟರೆ ಪಕ್ಕದಲ್ಲೊಂದು ಕೆಂಪು ನಕ್ಷತ್ರ,
ಮುಂದಿನ ಪುಟಕ್ಕೆ ದಾರಿ ಕೊಡದು.
ಈ ಪಟ್ಟಿ ಮಾಡಿದವನಿಗೆ
ಒಂದೇ ಬಾಯಿ, ಒಂದೇ ಅಂಗಡಿ, ಒಂದೇ ಬೀದಿ ಇದ್ದಿರಬೇಕು.

ನಿಯಮ ನಾಲ್ಕರಲ್ಲಿ ಸಭೆ ಮತ್ತೆ ನಿಂತಿತು:
ಎಪ್ಪತ್ತೈದು ವರ್ಷಕ್ಕಿಂತ ಈಚಿನದು ಬೇಡ.
ಜಾಗ ಕಮ್ಮಿ, ಡಿಸ್ಕಿಗೆ ದರ ಹೆಚ್ಚು,
ಎಲ್ಲಾದರೂ ಗೆರೆ ಎಳೆಯಬೇಕಲ್ಲ.
ಎಳೆದೆವು. ಕೈ ಎತ್ತಿದೆವು.

ಆಗ ಮೆಟ್ಟಿಲಲ್ಲಿ ಉಸಿರು ಕೇಳಿಸಿತು.
ಕೆಳಗಿನ ಅಂಗಡಿ ಗುಡಿಸುವ ದೇಯಕ್ಕ,
ಕೈಯಲ್ಲಿ ಜವಳಿ ಅಂಗಡಿಯ ತೊಟ್ಟೆ,
ಅದರೊಳಗೆ ಇನ್ನೊಂದು, ಅದರೊಳಗೆ ಬೀಡಿಯ ಪಾಸ್‌ಬುಕ್ಕು.
ವಾರ ವಾರದ ಎಲೆ, ವಾರ ವಾರದ ಹೊಗೆಸೊಪ್ಪು,
ಸುತ್ತಿದ್ದು ಇಷ್ಟು, ಚಾಟು ಎಂದು ಎಸೆದದ್ದು ಇಷ್ಟು,
ಎಸೆದದ್ದಕ್ಕೂ ಕತ್ತರಿಸಿದ ದುಡ್ಡು ಇಷ್ಟು.
ಮೂಲೆಯಿಂದ ಗೆದ್ದಲು ಓದುತ್ತ ಬಂದಿದೆ,
ಅದಕ್ಕೆ ನಿಯಮ ನಾಲ್ಕು ಗೊತ್ತಿಲ್ಲ.

'ಹಳತು ಮಾತ್ರ ಆಗ್ತದೆ ದೇಯಕ್ಕ,
ಇದಕ್ಕೆ ಇನ್ನೂ ವಯಸ್ಸಾಗಲಿಲ್ಲ' ಅಂದರು ಬಲ್ಲಾಳರು,
ಮೆಲ್ಲಗೆ, ತಾವೇ ತಪ್ಪು ಮಾಡಿದವರ ಹಾಗೆ.
'ಹಳತಾಗುವವರೆಗೆ ಎಲ್ಲಿ ಇಡ್ಲಿ?'
ಅವಳು ಕೇಳಿದ್ದು ಜಾಗವನ್ನು. ನಿಜವಾಗಿ,
ಕಪಾಟನ್ನೇ ನೋಡುತ್ತ ಕೇಳಿದಳು.

ಹಮ್ಮಬ್ಬ ಮಾಸ್ಟ್ರು ಕನ್ನಡಕ ತೆಗೆದು ಒರೆಸಿದರು,
ಒರೆಸುತ್ತಲೇ ಇದ್ದರು.

ನಾನು ಪುಟ ಮಗುಚಿದೆ.
ಮೂವತ್ತೊಂದನೇ ಪುಟದವರೆಗೆ ನೀಲಿ ಹೆಬ್ಬೆಟ್ಟು,
ಸುಳಿಯೊಳಗೆ ಸುಳಿ, ಅಳಿವೆಯ ನೀರಿನ ಹಾಗೆ.
ಆಮೇಲೆ ಒಂದು ವಾರ ಏನೂ ಇಲ್ಲ.
ಅದರ ಮರುವಾರ ಗೆರೆಯಿಂದ ಹೊರಬಿದ್ದು,
ಏತ್ವ ಒಂದು ಕಡೆ, ದಕಾರ ಒಂದು ಕಡೆ:
ದೇಯಿ.
'ರಾತ್ರಿ ಶಾಲೆ ಇತ್ತಲ್ಲ ಆಗ' ಅಂದಳು,
'ಟೀಚರಿಗೆ ನನ್ನಿಂದ ಸಣ್ಣ ಪ್ರಾಯ.'

ಅವಳು ಕಾಣಿಕೆ ಕೊಡಲು ಬಂದವಳಲ್ಲ.
ಕಂಪೆನಿ ಮುಚ್ಚಿದೆ, ಪಿ.ಎಫ್. ಬರಲಿಕ್ಕುಂಟು,
ಹೆಬ್ಬೆಟ್ಟಿನವಳೂ ಸಹಿಯವಳೂ
ಒಬ್ಬಳೇ ಅಂತ ತೋರಿಸಬೇಕಂತೆ ಆಫೀಸಿಗೆ.
'ಮೂರು ಕಾಪಿ ತೆಗೀರಿ.
ಒಂದು ಆಫೀಸಿಗೆ, ಒಂದು ವಕೀಲರಿಗೆ,
ಒಂದು ನಿಮ್ಮ ಡಬ್ಬಿಗೆ ಬೇಕಾದ್ರೆ ಹಾಕಿಕೊಳ್ಳಿ.
ಬುಕ್ಕು ಮಾತ್ರ ಈಗಲೇ ವಾಪಸು.'

ಗಾಜಿನ ಕೆಳಗೆ ಬೆಳಕು ಒಮ್ಮೆ ಸರಿದು ಹೋಯಿತು.
ಪರದೆಯಲ್ಲಿ ಪಟ್ಟಿ ಬಾಯಿ ತೆರೆದು ಕೂತಿದೆ.
ದೇಯಕ್ಕ ನನ್ನ ಭುಜದ ಮೇಲಿಂದ ಬಗ್ಗಿ
ಒಂದೊಂದೇ ಅಕ್ಷರ ಕೂಡಿಸಿ ಓದುತ್ತಿದ್ದಾಳೆ:
ಒಂ... ದ... ನ್ನು...